ಬೆಂಕಿಗೂ ಅಂಕಪಟ್ಟಿಯೇ?

ಉತ್ತರಪತ್ರಿಕೆ ತಿದ್ದುತ್ತಲೇ ವಯಸ್ಸಾದವಳು ನಾನು. ಅಂಕಗಳ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಬೆಂಕಿ ಆರಿಸುವ ಗಾಡಿಗೂ ಅಂಕವೇ? 2023ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳ ಅಗ್ನಿಶಾಮಕ ಸೇವೆಗೆಂದು 5,000 ಕೋಟಿ ರೂಪಾಯಿಯ ಯೋಜನೆ ತಂದಿತು. ಒಳ್ಳೆಯದೇ. ಅದರಲ್ಲಿ 500 ಕೋಟಿಯನ್ನು ಮಾತ್ರ, ಕಾನೂನು ಮತ್ತು ಸೌಕರ್ಯ ಸುಧಾರಿಸಿ ತೋರಿಸಿದ ರಾಜ್ಯಗಳಿಗೆ ಬಹುಮಾನವೆಂದು ಎತ್ತಿಟ್ಟರು. ಉಳಿದದ್ದಕ್ಕೂ ನಮ್ಮಂಥ ರಾಜ್ಯಗಳು ವೆಚ್ಚದ ಕಾಲು ಪಾಲು ತಾವೇ ಹಾಕಬೇಕು.

ನಮ್ಮ ನೆಲಮಂಗಲವನ್ನೇ ನೋಡಿ. ತುಮಕೂರು, ಹಾಸನದ ಹೆದ್ದಾರಿಗಳು ಕವಲೊಡೆಯುವ ಊರು, ಸುತ್ತಲೂ ಗೋದಾಮು. 2025ರ ಮೇ ತಿಂಗಳಲ್ಲಿ ಅಡಕಮಾರನಹಳ್ಳಿಯ ಎಣ್ಣೆ ಗೋದಾಮು ಹೊತ್ತಿ ಉರಿಯಿತು. ಎಣ್ಣೆಯ ಬೆಂಕಿಗೆ ಬರೀ ನೀರು ಸಾಲದು, ನೊರೆ ಬೇಕು, ಅದನ್ನು ಚಿಮ್ಮಿಸುವ ಗಾಡಿ ಬೇಕು.

ಬಹುಮಾನದ ಆಸೆಯಿಲ್ಲದಿದ್ದರೆ ರಾಜ್ಯಗಳು ಮಲಗಿಬಿಡುತ್ತವೆ ಎನ್ನುತ್ತಾರೆ. ಇರಬಹುದು. ಹಾಗೆಂದು ರಾಜಧಾನಿಯಲ್ಲಿ ಕಡತ ಮಲಗಿದ್ದಕ್ಕೆ ಗೋದಾಮಿನ ಪಕ್ಕದ ಮನೆಯಲ್ಲಿ ಮಗು ಮಲಗಿಸುವವಳಿಗೆ ಏಕೆ ಶಿಕ್ಷೆ? ದಡ್ಡ ಹುಡುಗನಿಗೇ ಹೆಚ್ಚು ಪಾಠ ಬೇಕೆಂದು ಯಾವ ಟೀಚರಿಗೆ ಗೊತ್ತಿಲ್ಲ, ಹೇಳಿ? ಸುಧಾರಣೆ ಮಾಡಿದ ಅಧಿಕಾರಿಗಳಿಗೆ ಬೇಕಾದರೆ ಶಾಲು ಹೊದಿಸಲಿ, ಹಾರ ಹಾಕಲಿ. ಗಾಡಿಗಳನ್ನು ಮಾತ್ರ ಊರಿನಲ್ಲಿರುವ ಗೋದಾಮು ಎಷ್ಟು, ಠಾಣೆ ಎಷ್ಟು ದೂರ ಎಂದು ಎಣಿಸಿ ಕೊಡಲಿ.