ಗುರುವಿನ ಪಕ್ಕದ ಕುರ್ಚಿ

"ಬಿ.ಎಸ್ಸಿ. ಮುಗಿಸಿದ್ದೇನೆ ಸಾರ್. ಪುಟ್ಟ ಮಕ್ಕಳ ತರಗತಿಯಲ್ಲಿ ಸಹಾಯಕಿಯಾಗಲು ಇನ್ನೇನು ಬೇಕು?" ಮದುವೆಯಾಗಿ ಅಮೆರಿಕ ಸೇರಿದ ಹಳೆಯ ವಿದ್ಯಾರ್ಥಿನಿಯೊಬ್ಬಳ ಪ್ರಶ್ನೆಯಿದು. ಹೊರಡುವ ಸಿದ್ಧತೆಯಲ್ಲಿರುವವರೂ ಅವರ ತಂದೆತಾಯಿಯರೂ ಉತ್ತರ ತಿಳಿದಿರುವುದು ಒಳ್ಳೆಯದು.

ಅಲ್ಲಿ ಈ ಹುದ್ದೆಗೆ 'ಪ್ಯಾರಾಪ್ರೊಫೆಷನಲ್' ಎಂದು ಹೆಸರು. ಬಡ ಮಕ್ಕಳು ಹೆಚ್ಚಾಗಿರುವ ಶಾಲೆಗಳಿಗೆ 'ಟೈಟಲ್ ಒನ್' ಯೋಜನೆಯಡಿ ಕೇಂದ್ರ ಸರ್ಕಾರದ ಹಣ ಸಿಗುತ್ತದೆ. ಆ ಯೋಜನೆಯಲ್ಲಿ ಪಾಠಕ್ಕೆ ನೆರವಾಗುವವರ ಅರ್ಹತೆಯನ್ನು 2002ರ ಜನವರಿಯಲ್ಲಿ ಸಹಿಯಾದ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾಯ್ದೆ ಬಿಗಿಗೊಳಿಸಿತು. 2015ರಲ್ಲಿ ಅದರ ಜಾಗಕ್ಕೆ ಬೇರೆ ಕಾಯ್ದೆ ಬಂದರೂ ಈ ನಿಯಮ ಉಳಿದುಕೊಂಡಿತು.

ಹೈಸ್ಕೂಲು ಮುಗಿಸಿರಲೇಬೇಕು. ಅದರ ಮೇಲೆ ಮೂರು ದಾರಿಗಳಿವೆ: ಕಾಲೇಜಿನಲ್ಲಿ ಎರಡು ವರ್ಷದ ವ್ಯಾಸಂಗ; ಅಸೋಸಿಯೇಟ್ ಅಥವಾ ಅದಕ್ಕೂ ಮೇಲಿನ ಪದವಿ; ಇಲ್ಲವೇ ಒಂದು ಪರೀಕ್ಷೆ. ಮೂರರಲ್ಲಿ ಒಂದಿದ್ದರೆ ಸಾಕು.

ನಮ್ಮ ಪದವಿಯೂ ಸಲ್ಲಬಹುದು. ಆದರೆ ಅದು ಅಲ್ಲಿನ ಯಾವ ಪದವಿಗೆ ಸಮ ಎಂದು ಮೌಲ್ಯಮಾಪನ ಸಂಸ್ಥೆಯ ವರದಿ ಕೇಳುವುದು ವಾಡಿಕೆ. ಆದ್ದರಿಂದ ವಿಮಾನ ಹತ್ತುವ ಮೊದಲೇ ಎಲ್ಲ ಅಂಕಪಟ್ಟಿ, ಪದವಿ ಪ್ರಮಾಣಪತ್ರಗಳನ್ನು ಜೋಡಿಸಿಡಿ. ಟ್ರಾನ್ಸ್‌ಕ್ರಿಪ್ಟ್ ಪಡೆಯುವ ಕ್ರಮವನ್ನು ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ. ಇಲ್ಲವಾದರೆ ಆಮೇಲೆ ಕಚೇರಿಗೆ ಅಲೆಯಬೇಕಾದವರು ಊರಿನಲ್ಲಿರುವ ಅಪ್ಪ ಅಮ್ಮ! ಇನ್ನೊಂದು ಮಾತು: ಅರ್ಹತೆ ಬೇರೆ, ಕೆಲಸದ ಪರವಾನಗಿ ಬೇರೆ. ಗಂಡನ ವೀಸಾದ ಆಧಾರದ ಮೇಲೆ ಹೋದವರೆಲ್ಲರಿಗೂ ದುಡಿಯುವ ಅನುಮತಿ ಇರುವುದಿಲ್ಲ. ಅದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ಪರೀಕ್ಷೆಗಳಲ್ಲಿ ಹೆಸರಾದುದು 'ಪ್ಯಾರಾಪ್ರೊ'. ಎರಡೂವರೆ ಗಂಟೆ, 90 ಪ್ರಶ್ನೆಗಳು. ಓದು, ಬರಹ, ಗಣಿತಕ್ಕೆ ಮೂವತ್ತು ಮೂವತ್ತು. ತೇರ್ಗಡೆಯ ಅಂಕವನ್ನು ಆಯಾ ರಾಜ್ಯ ಗೊತ್ತುಮಾಡುತ್ತದೆ. ಸುಮಾರು ಮೂರನೇ ಎರಡು ಭಾಗ ನಿಮಗೆಷ್ಟು ಗೊತ್ತು ಎಂದು ನೋಡಿದರೆ, ಉಳಿದ ಭಾಗ ಅದನ್ನು ತರಗತಿಯಲ್ಲಿ ಹೇಗೆ ಬಳಸುತ್ತೀರಿ ಎಂದು ನೋಡುತ್ತದೆ.

ಕಷ್ಟವಿರುವುದು ಇಲ್ಲೇ. ನಾಲ್ಕಕ್ಕಿಂತ ಎಂಟು ದೊಡ್ಡದು, ಆದ್ದರಿಂದ ಕಾಲಿಗಿಂತ ಅರೆಕಾಲು ದೊಡ್ಡದು ಎನ್ನುವ ಮಗು ಎಲ್ಲ ದೇಶದಲ್ಲೂ ಇದೆ. 'ತಪ್ಪು' ಎನ್ನಲು ಪದವಿ ಬೇಕಿಲ್ಲ. ಒಂದು ರೊಟ್ಟಿಯನ್ನು ನಾಲ್ವರಿಗೂ ಮತ್ತೊಂದನ್ನು ಎಂಟು ಮಂದಿಗೂ ಹಂಚಿ ತೋರಿಸಲು ಮಗುವಿನ ಮನಸ್ಸು ಅರಿಯಬೇಕು.

ಸಹಾಯಕರು ಕಲಿಸುವುದು ಶಿಕ್ಷಕರ ಮೇಲ್ವಿಚಾರಣೆಯಲ್ಲಿ. ಆದರೂ ಅರ್ಥವಾಗದೆ ಹಿಂದೆ ಉಳಿದ ಮಗುವಿನ ಪಕ್ಕದಲ್ಲಿ ಹೋಗಿ ಕೂರುವವರು ಇವರೇ. ಅಂಥವರಿಗೆ ಅರ್ಹತೆ ಕೇಳುವುದು ಕಿರುಕುಳವಲ್ಲ. ಆ ಮಗುವಿಗೆ ಸಲ್ಲಬೇಕಾದ ಗೌರವ.