ಬೀಗದಕೈ ಸಿಗುವ ಮುನ್ನ ಕರಾರು ಪತ್ರ ಓದಿದಿರಾ?

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಅಂತಾರೆ. ಈ ಕಾಲಕ್ಕೆ ಅದರ ಜೊತೆ 'ಬಾಡಿಗೆ ಮನೆ ಹಿಡಿದು ನೋಡು' ಅಂತಲೂ ಸೇರಿಸಬೇಕೇನೋ!

ಹೊಸ ಮನೆ ನೋಡಲು ಹೋದಾಗ ನೀವು ಏನೇನು ನೋಡುತ್ತೀರಿ, ನೆನಪಿಸಿಕೊಳ್ಳಿ. ಅಡುಗೆಮನೆಗೆ ಗಾಳಿ ಬೆಳಕು ಇದೆಯಾ, ನಲ್ಲಿ ತಿರುಗಿಸಿದರೆ ನೀರು ಬರುತ್ತಾ, ಬಟ್ಟೆ ಒಣಗಿಸಲು ಜಾಗ ಎಲ್ಲಿ, ದೇವರ ಮೂಲೆ ಯಾವ ದಿಕ್ಕಿಗೆ, ಮಕ್ಕಳ ಶಾಲೆ ಬಸ್ಸು ಎಲ್ಲಿ ನಿಲ್ಲುತ್ತೆ... ಒಂದನ್ನೂ ಬಿಡುವುದಿಲ್ಲ. ಆದರೆ ಅಗ್ರಿಮೆಂಟ್ ಕಾಗದ ಬಂದ ತಕ್ಷಣ 'ಅದೆಲ್ಲ ನಮ್ಮನೆಯವರು ನೋಡ್ಕೋತಾರೆ' ಅಂತ ಕಾಫಿ ಮಾಡಲು ಎದ್ದು ಹೋಗುತ್ತೀರಿ. ನಾನೂ ಹಾಗೇ ಎದ್ದು ಹೋದವಳು. ಅದಕ್ಕೆ ತೆತ್ತ ದಂಡವನ್ನು ಇವತ್ತು ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ಮಾತಿನ ಊರಿನಿಂದ ಕಾಗದದ ಊರಿಗೆ

ನಾನು ಹುಟ್ಟಿ ಬೆಳೆದದ್ದು ಹಂಪಸಾಗರದಲ್ಲಿ. ಹಗರಿಬೊಮ್ಮನಹಳ್ಳಿ ತಾಲೂಕು, 2021ರಿಂದ ವಿಜಯನಗರ ಜಿಲ್ಲೆ. ನಮ್ಮ ಮನೆಯಲ್ಲಿ ಬಾಡಿಗೆ ಅಂದರೆ ಒಂದು ಮಾತು, ಅಷ್ಟೇ. ಊರಿಗೆ ಹೊಸ ಮೇಷ್ಟ್ರು ಬಂದರೆ, ನರ್ಸಮ್ಮ ಬಂದರೆ 'ಮುಂದಿನ ಖೋಲಿ ಖಾಲಿ ಐತಿ, ಬಂದು ಇರ್ರಿ' ಅಂತ ಅವ್ವ ಹೇಳಿದರೆ ಮುಗೀತು. ಕರಾರೂ ಇಲ್ಲ, ಸಾಕ್ಷಿಯೂ ಇಲ್ಲ. ತಿಂಗಳಿಗೊಮ್ಮೆ ಬಾಡಿಗೆ ಬರುತ್ತಿತ್ತು, ಹಬ್ಬಕ್ಕೊಮ್ಮೆ ಹೋಳಿಗೆ ಹೋಗುತ್ತಿತ್ತು.

ಅದೇ ನಂಬಿಕೆ ಕಟ್ಟಿಕೊಂಡು ಮದುವೆಯಾಗಿ ಬೆಂಗಳೂರಿಗೆ ಬಂದೆ. ತಿಂಗಳಿಗೆ 12 ಸಾವಿರ ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸ್, ಅಂದರೆ 1 ಲಕ್ಷ 20 ಸಾವಿರ. ಅಷ್ಟು ದುಡ್ಡು ಕೈಯಲ್ಲಿ ಎಲ್ಲಿತ್ತು? ತವರಿನಲ್ಲಿ ಹಾಕಿದ್ದ ಬಳೆಗಳು ಅಡವಿಗೆ ಹೋದವು. ಮನೆ ಮಾಲೀಕರು ಮಾತಿನಲ್ಲಿ ಬಹಳ ಒಳ್ಳೆಯವರು. 'ನಿಮ್ಮದೇ ಮನೆ ಅಂದ್ಕೊಳ್ಳಿ ಅಮ್ಮಾ' ಅಂದರು. ಇಂಗ್ಲಿಷಿನಲ್ಲಿ ಟೈಪಾಗಿದ್ದ ಮೂರು ಹಾಳೆಗೆ ಯಜಮಾನರು ನಿಂತಲ್ಲೇ ಸಹಿ ಹಾಕಿದರು.

ಆರನೇ ತಿಂಗಳಿಗೆ ಅವರಿಗೆ ವರ್ಗವಾಯಿತು. ಮನೆ ಬಿಡುತ್ತೇವೆ ಅಂದಾಗ ಮಾಲೀಕರು ಎರಡನೇ ಹಾಳೆ ತೆಗೆದು ತೋರಿಸಿದರು. ಹನ್ನೊಂದು ತಿಂಗಳ ಒಳಗೆ ಬಿಟ್ಟರೆ ಎರಡು ತಿಂಗಳ ಬಾಡಿಗೆ ಕಡಿತ, 24 ಸಾವಿರ. ಎಷ್ಟೇ ದಿನ ಇರಲಿ, ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ, 12 ಸಾವಿರ. ಶುಚಿ ಮಾಡಿಸಲು 3 ಸಾವಿರ. ಒಟ್ಟು 39 ಸಾವಿರ ಹೋಯಿತು! ಉಳಿದ 81 ಸಾವಿರ ಮೂರು ಕಂತಿನಲ್ಲಿ ಬಂತು. ಆ ಮೂರು ಕಂತೂ ಮುಗಿಯುವ ತನಕ ನನ್ನ ಬಳೆಗಳಿಗೆ ಬಡ್ಡಿ ಬೆಳೆಯುತ್ತಲೇ ಇತ್ತು.

ಮಾಲೀಕರು ಮೋಸ ಮಾಡಿದರಾ? ಇಲ್ಲ. ಕಾಗದದಲ್ಲಿ ಇದ್ದದ್ದನ್ನೇ ಮಾಡಿದರು. ಓದದೇ ಇದ್ದವರು ನಾವು.

ಕಾಯ್ದೆ ಇದೆಯಲ್ಲ ಅಂತೀರಾ?

'ಬಾಡಿಗೆದಾರರ ಪರ ಕಾನೂನು ಇದೆಯಲ್ಲ, ಹೆದರಿಕೆ ಯಾಕೆ?' ಅನ್ನುವವರು ಬಹಳ ಜನ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇರುವುದು ನಿಜ. ಆದರೆ ಅದನ್ನು ಬರೆಯುವಾಗಲೇ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ವಾಸದ ಮನೆಗಳನ್ನು ಹೊರಗಿಟ್ಟರು. ಈಗ ಆ ಬಾಡಿಗೆಗೆ ನಗರದಲ್ಲಿ ಒಂದು ಕೋಣೆಯಾದರೂ ಸಿಗುತ್ತದಾ, ನೀವೇ ಹೇಳಿ.

ಹಾಗಾಗಿ ನಮ್ಮ ನಿಮ್ಮಂಥವರ ಮನೆಗಳಿಗೆ ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಆ ಕಾಯ್ದೆ ಬಹಳಷ್ಟು ವಿಷಯದಲ್ಲಿ 'ಕರಾರಿನಲ್ಲಿ ಬೇರೆ ರೀತಿ ಇಲ್ಲದಿದ್ದರೆ' ಅನ್ನುತ್ತದೆ. ಉದಾಹರಣೆಗೆ, ದಿನಬಳಕೆಯ ಸಹಜ ಸವೆತಕ್ಕೆ ಬಾಡಿಗೆದಾರರು ಹೊಣೆಯಲ್ಲ. ಮಾಲೀಕರು ಮಾಡಿಸಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ, ನೀವೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಕೇಳಲು ಎಷ್ಟು ಚೆಂದ! ಆದರೆ 'ಬಣ್ಣದ ಖರ್ಚು, ಎಲ್ಲ ರಿಪೇರಿ ಬಾಡಿಗೆದಾರರದು' ಅಂತ ಬರೆದ ಹಾಳೆಗೆ ಸಹಿ ಹಾಕಿದಿರೋ, ಆ ಅನುಕೂಲ ನಿಮ್ಮ ಕೈಯಿಂದಲೇ ಜಾರಿತು.

ಅಂದರೆ ನಿಮಗೂ ಮಾಲೀಕರಿಗೂ ನಡುವೆ ಇರುವ ನಿಜವಾದ ಕಾನೂನು ಆ ಎರಡು ಮೂರು ಹಾಳೆಯೇ. ಅದನ್ನು ಓದದೆ ಬೀಗದಕೈ ತೆಗೆದುಕೊಳ್ಳಬೇಡಿ ಅನ್ನುವುದು ಅದಕ್ಕೇ.

ಓದುವಾಗ ಎಲ್ಲಿ ನಿಲ್ಲಬೇಕು?

ಮೊದಲನೆಯದು ಭಾಷೆ. ಬಾಡಿಗೆ ಕರಾರು ಇಂಗ್ಲಿಷಿನಲ್ಲೇ ಇರಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ. ಕನ್ನಡದಲ್ಲಿ ಮಾಡಿಸಿಕೊಡಿ ಅಂತ ಕೇಳಿ. ಆಗದಿದ್ದರೆ ಒಂದು ಪ್ರತಿಯನ್ನು ಮನೆಗೆ ತಂದು, ಗೊತ್ತಿದ್ದವರ ಹತ್ತಿರ ಸಾಲು ಸಾಲಾಗಿ ಓದಿಸಿಕೊಳ್ಳಿ. ಟೋಕನ್ ಹಣ ಕೊಡುವುದು ಆಮೇಲೆ. ಹಣ ಕೊಟ್ಟ ಮೇಲೆ ಓದಿದರೆ ಕೇಳುವ ಬಾಯಿ ತಾನಾಗಿ ಚಿಕ್ಕದಾಗುತ್ತದೆ.

ಎರಡನೆಯದು ಅವಧಿ. ಎಲ್ಲರೂ ಹನ್ನೊಂದು ತಿಂಗಳೇ ಯಾಕೆ ಬರೆಯುತ್ತಾರೆ ಗೊತ್ತಾ? ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಈ ಹನ್ನೊಂದು. ಅದರಲ್ಲಿ ತಪ್ಪೇನಿಲ್ಲ. ಆದರೆ ಹನ್ನೊಂದು ತಿಂಗಳಾದ ಮೇಲೆ ಹೊಸ ಕರಾರು ಮಾಡದೆ ಹಾಗೇ ಮುಂದುವರಿದರೆ, ಸಾಮಾನ್ಯವಾಗಿ ಅದು ತಿಂಗಳ ಲೆಕ್ಕದ ಬಾಡಿಗೆಯಾಗುತ್ತದೆ. ನೋಟಿಸಿನ ಬಗ್ಗೆ ಬೇರೆ ಒಪ್ಪಂದ ಇಲ್ಲದಿದ್ದರೆ 15 ದಿನದ ನೋಟಿಸು ಸಾಕು, ಮನೆ ಬಿಡಿ ಎನ್ನಬಹುದು. ಮಗಳ ಪರೀಕ್ಷೆ ಹತ್ತಿರ ಬಂದಾಗ 15 ದಿನದಲ್ಲಿ ಮನೆ ಹುಡುಕುವ ಪಾಡು ಬೇಕಾ? ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಮೂರನೆಯದು ವರ್ಷ ವರ್ಷದ ಏರಿಕೆ. ಶೇಕಡಾ 5 ಅಂದರೂ 10 ಅಂದರೂ ಮೊದಲ ದಿನ ಒಂದೇ ಥರ ಕೇಳಿಸುತ್ತದೆ. 15 ಸಾವಿರದ ಬಾಡಿಗೆ ಶೇಕಡಾ 5ರಂತೆ ಏರಿದರೆ ನಾಲ್ಕನೇ ವರ್ಷಕ್ಕೆ ಸುಮಾರು 17,360 ಆಗುತ್ತದೆ. ಶೇಕಡಾ 10 ಆದರೆ 19,965! ತಿಂಗಳಿಗೆ ಎರಡೂವರೆ ಸಾವಿರಕ್ಕೂ ಹೆಚ್ಚು ವ್ಯತ್ಯಾಸ. ಒಂದು ಮನೆಯ ಹಾಲಿನ ಲೆಕ್ಕ ಅದು.

ನಾಲ್ಕನೆಯದು ನೀರು, ಕರೆಂಟು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗೆ ಜನ ಕ್ಯೂ ನಿಂತದ್ದು ಮರೆತಿಲ್ಲ ತಾನೇ? ಟ್ಯಾಂಕರ್ ತರಿಸಿದರೆ ದುಡ್ಡು ಯಾರದು, ಮೇಂಟೆನೆನ್ಸ್ ಬಾಡಿಗೆಯೊಳಗೋ ಹೊರಗೋ ಅಂತ ಬರೆಸಿಕೊಳ್ಳಿ. ಕರೆಂಟಿಗೆ ನಿಮ್ಮ ಮನೆಗೇ ಬೇರೆ ಮೀಟರ್ ಇದೆಯಾ ನೋಡಿ, ಆರ್‌ಆರ್ ನಂಬರನ್ನು ಕರಾರಿನಲ್ಲೇ ಹಾಕಿಸಿ. 2023ರಲ್ಲಿ ಬಂದ ಗೃಹಜ್ಯೋತಿ ಬಾಡಿಗೆದಾರರಿಗೂ ಉಂಟು. ಆದರೆ ಹಿಂದೆ ಇದ್ದವರ ಆಧಾರ್ ಇನ್ನೂ ಆ ನಂಬರಿಗೇ ಅಂಟಿಕೊಂಡಿದ್ದರೆ ನಿಮ್ಮ ಅರ್ಜಿ ನಿಂತುಹೋಗಬಹುದು. ಅದನ್ನು ಬಿಡಿಸಿಕೊಡಿ ಅಂತ ಮೊದಲೇ ಹೇಳಿ.

ಐದನೆಯದು 'ಅತಿಥಿಗಳು' ಅನ್ನುವ ಸಾಲು. ನನ್ನ ಪರಿಚಯದ ಒಬ್ಬಾಕೆಯ ಬಾಣಂತನಕ್ಕೆ ಊರಿನಿಂದ ತಾಯಿ ಬಂದಿದ್ದರು. ಎರಡನೇ ವಾರಕ್ಕೆ ಮಾಲೀಕರು ಬಾಗಿಲಿಗೆ ಬಂದು 'ಹೆಚ್ಚುವರಿ ಜನ ಇರುವಂತಿಲ್ಲ ಅಂತ ಅಗ್ರಿಮೆಂಟಲ್ಲಿದೆ' ಅಂದರಂತೆ. ಹಸಿ ಬಾಣಂತಿ ಒಳಗೆ, ತಾಯಿ ಹೊಸ್ತಿಲಲ್ಲಿ! ತಂದೆ ತಾಯಿ, ಅತ್ತೆ ಮಾವ ಬಂದು ಉಳಿಯಬಹುದು ಅಂತ ಒಂದು ಸಾಲು ಸೇರಿಸಲು ಎಷ್ಟು ಹೊತ್ತು ಬೇಕು?

'ಲೀಸ್' ಅಂದರೆ ಇನ್ನೂ ಹುಷಾರು

ನಮ್ಮ ಕಡೆಯ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಯಿಂದ ಮಕ್ಕಳ ಓದಿಗೆಂದು ನಗರಕ್ಕೆ ಬರುವವರು ಒಂದು ಆಸೆಗೆ ಬೀಳುತ್ತಾರೆ. 'ಒಂದೇ ಸಲ ಹತ್ತು ಹದಿನೈದು ಲಕ್ಷ ಕೊಟ್ಟರೆ ಬಾಡಿಗೆಯೇ ಇಲ್ಲ, ಬಿಡುವಾಗ ಪೂರ್ತಿ ವಾಪಸ್' ಅನ್ನುವ ಲೀಸು, ಅಂದರೆ ಭೋಗ್ಯ. ಹೊಲ ಮಾರಿದ ದುಡ್ಡು, ಸೊಸೈಟಿ ಸಾಲ, ಹೆಣ್ಣುಮಕ್ಕಳ ಚಿನ್ನ ಎಲ್ಲ ಅಲ್ಲಿಗೆ ಹೋಗುತ್ತದೆ.

ಅಪಾಯ ಇರುವುದು ಎಲ್ಲಿ ಗೊತ್ತಾ? ಆ ಮನೆ ಮೊದಲೇ ಬ್ಯಾಂಕಿಗೆ ಅಡವಾಗಿರಬಹುದು. ಮಾಲೀಕರು ಕಂತು ಕಟ್ಟದಿದ್ದರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಬಾಗಿಲಿಗೆ ನೋಟಿಸು ಅಂಟಿಸುತ್ತದೆ. ಮನೆ ಅಡವಾದ ಮೇಲೆ ಬ್ಯಾಂಕಿನ ಒಪ್ಪಿಗೆ ಇಲ್ಲದೆ ನಿಮಗೆ ಕೊಟ್ಟಿದ್ದರೆ, ನಿಮ್ಮ ಕಾಗದ ಬ್ಯಾಂಕಿನ ಮುಂದೆ ನಿಲ್ಲುವುದು ಕಷ್ಟ. ಹೋಗಬೇಕಾದವರು ನೀವು. ದುಡ್ಡಿಗೆ ಮಾಲೀಕರ ಹಿಂದೆ ಅಲೆಯಬೇಕಾದವರೂ ನೀವೇ.

ಆದ್ದರಿಂದ ಮೂರು ಕೆಲಸ ಮಾಡಿ. ಉಪನೋಂದಣಾಧಿಕಾರಿ ಕಚೇರಿಯಿಂದ ಇಲ್ಲವೇ ಕಾವೇರಿ ಆನ್‌ಲೈನ್‌ನಿಂದ ಆ ಆಸ್ತಿಯ ಋಣಭಾರ ಪತ್ರ ತೆಗೆಸಿ. ಅದರಲ್ಲಿ ಎಲ್ಲ ಸಾಲವೂ ಕಾಣದೇ ಇರಬಹುದು. ಅದಕ್ಕೇ ಮನೆಯ ಮೂಲ ಪತ್ರವನ್ನು ಕಣ್ಣಾರೆ ನೋಡಬೇಕು ಅಂತ ಕೇಳಿ. 'ಬ್ಯಾಂಕಿನಲ್ಲಿದೆ' ಅಂದರೆ ಸಾಲ ಇದೆ ಅಂತಲೇ ಅರ್ಥ. ಮೂರನೆಯದಾಗಿ, ಭೋಗ್ಯದ ಕರಾರನ್ನು ನೋಂದಣಿ ಮಾಡಿಸದೆ ಒಂದು ರೂಪಾಯಿಯನ್ನೂ ಬಿಚ್ಚಬೇಡಿ. ನಡುವೆ ಏಜೆಂಟರೋ ಕಂಪನಿಯೋ ಇದ್ದರೆ, ಮನೆಯ ನಿಜವಾದ ಮಾಲೀಕರನ್ನೇ ಕಂಡು, ಅವರ ಸಹಿಯೇ ಬೇಕು ಅನ್ನಿ.

ನಿಮ್ಮ ಹೆಸರು ಎಲ್ಲಿದೆ?

ಇನ್ನೊಂದು ಮಾತು. ಇದನ್ನು ಹೇಳಿದರೆ ಕೆಲವರು ಮುಖ ಸಿಂಡರಿಸಬಹುದು, ಆದರೂ ಹೇಳುತ್ತೇನೆ. ಕರಾರಿನಲ್ಲಿ ಬಾಡಿಗೆದಾರರ ಜಾಗದಲ್ಲಿ ಗಂಡನ ಹೆಸರಿನ ಜೊತೆ ನಿಮ್ಮ ಹೆಸರೂ ಇರಲಿ.

2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆಯ ಪ್ರಕಾರ, ದಂಪತಿ ಕೂಡಿ ಬಾಳಿದ ಬಾಡಿಗೆ ಮನೆಯಲ್ಲೂ ಹೆಂಡತಿಗೆ ವಾಸದ ಹಕ್ಕಿದೆ, ಕರಾರು ಯಾರ ಹೆಸರಲ್ಲೇ ಇರಲಿ. ಅದು ಗಂಡನ ಮನೆಯವರ ಎದುರು ನಿಮಗಿರುವ ರಕ್ಷಣೆ. ಆದರೆ ಮುಂಗಡ ವಾಪಸ್ ಕೇಳಲು ಹೋದಾಗ ಮಾಲೀಕರು ನೋಡುವುದು ಸಹಿ ಯಾರದು ಅಂತ. ಯಜಮಾನರು ದೂರದ ಊರಲ್ಲಿದ್ದರೆ, ಅಥವಾ ದೇವರು ದೊಡ್ಡವನು, ಏನಾದರೂ ಹೆಚ್ಚು ಕಡಿಮೆಯಾದರೆ, ನಿಮ್ಮ ಬಳೆ ಇಟ್ಟು ತಂದ ದುಡ್ಡಿಗೆ ನೀವೇ ಹತ್ತು ಕಾಗದ ಹೊಂದಿಸಬೇಕಾಗುತ್ತದೆ. ಹೆಸರು ಸೇರಿಸುವುದು ಗಂಡನ ಮೇಲಿನ ಅಪನಂಬಿಕೆ ಅಲ್ಲ. ಮನೆ ನಡೆಸುವವಳ ಹೆಸರು ಮನೆಯ ಕಾಗದದಲ್ಲಿ ಇರಬೇಕಾದದ್ದು ನ್ಯಾಯ.

'ಇಷ್ಟೆಲ್ಲ ಕೇಳಿದರೆ ಮನೆ ಕೊಡ್ತಾರಾ?'

ಖಂಡಿತ ಕೇಳುವ ಪ್ರಶ್ನೆಯೇ. ಮಾಲೀಕರೆಲ್ಲ ಕೆಟ್ಟವರಲ್ಲ. ಎಷ್ಟೋ ಕಡೆ ಮಾಲೀಕರು ಅಂದರೆ ಆ ಬಾಡಿಗೆಯಲ್ಲೇ ಜೀವನ ಸಾಗಿಸುವ ವಯಸ್ಸಾದ ಹೆಂಗಸೇ. ಬಾಡಿಗೆದಾರರು ಮನೆ ಬಿಡದೆ ಸತಾಯಿಸಿದರೆ ಅವರ ಗತಿಯೇನು? ಕರಾರು ಸ್ಪಷ್ಟವಾಗಿದ್ದರೆ ಅವರಿಗೂ ನೆಮ್ಮದಿ.

ಕೇಂದ್ರ ಸರ್ಕಾರ 2021ರಲ್ಲಿ ಒಂದು ಮಾದರಿ ಬಾಡಿಗೆ ಕಾಯ್ದೆ ಬರೆದು ರಾಜ್ಯಗಳಿಗೆ ಕಳಿಸಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡ, ಮಾಲೀಕರು ಒಳಗೆ ಬರುವುದಿದ್ದರೆ 24 ಗಂಟೆ ಮೊದಲು ತಿಳಿಸಬೇಕು, ಜಗಳವಾದರೂ ನೀರು ಕರೆಂಟು ನಿಲ್ಲಿಸುವಂತಿಲ್ಲ ಅನ್ನುತ್ತದೆ ಅದು. ಮಾದರಿ ಅಂದರೆ ಮಾದರಿಯೇ. ರಾಜ್ಯ ತನ್ನ ಶಾಸನ ಮಾಡಿಕೊಂಡರೆ ಮಾತ್ರ ಅದು ಬಾಡಿಗೆದಾರರ ಕೈಗೆ ಬರುವ ಹಕ್ಕು. ಆದರೆ ಇಬ್ಬರೂ ಒಪ್ಪಿದರೆ ಅದೇ ಮಾತುಗಳನ್ನು ನಿಮ್ಮ ಕರಾರಿನಲ್ಲಿ ಬರೆದುಕೊಳ್ಳಲು ಅಡ್ಡಿಯೇನು? ಎಲ್ಲವೂ ಸಿಗದಿದ್ದರೂ ಮುಂಗಡ ವಾಪಸಿನ ದಿನ, ಬಣ್ಣದ ಖರ್ಚು, ನೋಟಿಸಿನ ಅವಧಿ ಈ ಮೂರನ್ನಾದರೂ ಬಿಡಬೇಡಿ. ಇದನ್ನೂ ಬರೆದುಕೊಡಲು ಒಪ್ಪದ ಮನೆ ಎಷ್ಟೇ ಚೆಂದ ಇರಲಿ, ಅದು ನಿಮಗಲ್ಲ ಅಂತ ತಿಳಿಯಿರಿ.

ಮೊನ್ನೆ ನಾವು ಮತ್ತೆ ಮನೆ ಬದಲಿಸಿದೆವು. ಈ ಸಲ ಕಾಗದ ಹಿಡಿದು ಕೂತವಳು ನಾನು, ಕಾಫಿ ಮಾಡಲು ಎದ್ದವರು ಯಜಮಾನರು! ಊರಿಗೆ ಫೋನು ಮಾಡಿ ಹೇಳಿದರೆ ಅವ್ವ ನಕ್ಕಳು. 'ಮಾತು ಗಾಳಿಗೆ ಹೊಕ್ಕೈತಿ, ಕಾಗದ ಗಂಟಿನ್ಯಾಗ ಇರತೈತಿ. ಗಟ್ಟಿಯಾಗಿ ಕಟ್ಟಿಟ್ಕೋ' ಅಂದಳು. ನೀವೂ ಕಟ್ಟಿಟ್ಟುಕೊಳ್ಳಿ, ಆದರೆ ಅದಕ್ಕೂ ಮುಂಚೆ ಒಮ್ಮೆ ಓದಿಬಿಡಿ.

ಸಹಿಗೆ ಮುನ್ನ ನೆನಪಿರಲಿ

* ಮಾಲೀಕರ ಹೆಸರು ತೆರಿಗೆ ರಸೀದಿ, ಕರೆಂಟು ಬಿಲ್ಲು, ಕರಾರು ಮೂರರಲ್ಲೂ ಒಂದೇ ಇದೆಯಾ ನೋಡಿ.
* ಫ್ಯಾನು, ಗೀಸರು, ಬಲ್ಬು, ಬೀಗದಕೈ ಎಷ್ಟೆಷ್ಟು ಅಂತ ಪಟ್ಟಿ ಮಾಡಿ, ಇಬ್ಬರೂ ಸಹಿ ಹಾಕಿ.
* ಸಾಮಾನು ಇಳಿಸುವ ಮುಂಚೆ ಗೋಡೆಯ ಬಿರುಕು, ತೇವದ ಕಲೆ, ಒಡೆದ ಟೈಲ್ಸಿನ ಫೋಟೊ ತೆಗೆದಿಡಿ.
* ಮುಂಗಡ, ಬಾಡಿಗೆ ಬ್ಯಾಂಕಿನ ಮೂಲಕವೇ ಕೊಡಿ. ನಗದು ಕೊಟ್ಟರೆ ಅಲ್ಲೇ ರಸೀದಿ ಕೇಳಿ.
* ಖಾಲಿ ಬಿಟ್ಟ ಜಾಗ ಇರುವ ಹಾಳೆಗೆ ಸಹಿ ಬೇಡ. ತಿದ್ದಿದ ಕಡೆ ಇಬ್ಬರ ಸಹಿಯೂ ಇರಲಿ.
* ಕರಾರಿನ ಒಂದು ಪ್ರತಿ ನಿಮ್ಮ ಬೀರುವಿನಲ್ಲಿರಲಿ. ಗ್ಯಾಸು, ಶಾಲೆ, ವಿಳಾಸದ ಪುರಾವೆ ಅಂತ ಅದು ಬೇಕಾಗುತ್ತಲೇ ಇರುತ್ತದೆ.