‘ನಮ್ಮಲ್ಲಿ ಸರಿಯಾಗಿದೆ’ ಎನ್ನುವ ಮುನ್ನ

‘ನಿಮ್ಮ ಜಾಲತಾಣ ತೆರೆದರೆ ಬಹುಮಾನ ಬಂದಿದೆ ಎಂಬ ಯಾವುದೋ ಪುಟ ಬರುತ್ತದೆ’ ಎಂದು ಹಿರಿಯ ತಾಯಿಯೊಬ್ಬರು ಫೋನ್ ಮಾಡಿದ್ದರು. ನಮ್ಮದು ಚಿಕ್ಕ ಉಚಿತ ವಿದ್ಯಾರ್ಥಿನಿಲಯ. ಕಚೇರಿಯ ಕಂಪ್ಯೂಟರಿನಲ್ಲಿ ತೆರೆದು ನೋಡಿದೆವು, ಎಲ್ಲವೂ ಸರಿಯಾಗಿತ್ತು. ‘ದೋಷ ನಿಮ್ಮ ಮೊಬೈಲಿನಲ್ಲೇ ಇರಬೇಕು, ತಾಯಿ’ ಎಂದುಬಿಟ್ಟೆವು. ವಾರದೊಳಗೆ ಇನ್ನಿಬ್ಬರು ಅದನ್ನೇ ಹೇಳಿದಾಗ ನಮ್ಮ ತಪ್ಪು ನಮಗೆ ಅರಿವಾಯಿತು.

ಶರಣ ಬಂಧುಗಳೇ, ಇಂಥ ಮಾಲ್‌ವೇರ್‌ನ ಕುತಂತ್ರವೇ ಇದು. ಗೂಗಲ್‌ನಲ್ಲಿ ಹುಡುಕಿ ಬಂದವರಿಗೆ, ಮೊಬೈಲಿನಲ್ಲಿ ತೆರೆದವರಿಗೆ ಮಾತ್ರ ಅದು ಮುಖ ತೋರಿಸುವುದುಂಟು. ಲಾಗಿನ್ ಆಗಿರುವ ನಿರ್ವಾಹಕರ ಕಣ್ಣಿಗೆ ಬೀಳದಂತೆ ಅಡಗಿರುತ್ತದೆ. ಹೀಗಾಗಿ ‘ನಮ್ಮಲ್ಲಿ ಸರಿಯಾಗಿದೆ’ ಎಂಬುದು ಉತ್ತರವೇ ಅಲ್ಲ. ದೂರಿದವರು ನಮ್ಮ ಹಿತೈಷಿಗಳು.

ದೂರು ಬಂದೊಡನೆ ಯಾವ ದಿನ, ಯಾವ ಫೋನಿನಲ್ಲಿ, ಎಲ್ಲಿಂದ ತೆರೆದರು ಎಂದು ಕೇಳಿ ಬರೆದುಕೊಳ್ಳಬೇಕು. ಸಾಧ್ಯವಾದರೆ ಸ್ಕ್ರೀನ್‌ಶಾಟ್ ತರಿಸಿಕೊಳ್ಳಬೇಕು. ಲಾಗಿನ್ ಆಗದ ಬೇರೊಂದು ಮೊಬೈಲಿನಲ್ಲಿ ಹಾಗೆಯೇ ಹುಡುಕಿ ತೆರೆಯಬೇಕು, ಆದರೆ ಅಲ್ಲಿ ಬಂದ ಯಾವುದನ್ನೂ ಒತ್ತಬಾರದು. ಸುಕುರಿ ಸೈಟ್‌ಚೆಕ್, ವೈರಸ್‌ಟೋಟಲ್‌ಗಳಲ್ಲಿ ವಿಳಾಸ ಕೊಟ್ಟು ಉಚಿತವಾಗಿ ಪರೀಕ್ಷಿಸಬಹುದು. ಇವು ಹೊರಗಿನಿಂದ ನೋಡುವ ಕಾರಣ, ಏನೂ ಸಿಗದಿದ್ದರೂ ನಿಶ್ಚಿಂತರಾಗುವಂತಿಲ್ಲ. ಗೂಗಲ್ ಸರ್ಚ್ ಕನ್ಸೋಲ್‌ನ ಭದ್ರತಾ ವರದಿ ನೋಡಬೇಕು. ಸರ್ವರ್‌ನಲ್ಲಿ ಇತ್ತೀಚೆಗೆ ಬದಲಾದ ಫೈಲುಗಳನ್ನೂ ಅಪರಿಚಿತ ನಿರ್ವಾಹಕ ಖಾತೆಗಳನ್ನೂ ಹೋಸ್ಟಿಂಗ್‌ನವರ ನೆರವಿನಿಂದ ಹುಡುಕಿಸಬೇಕು. ದೇಣಿಗೆಯ ಕ್ಯೂಆರ್ ಕೋಡ್ ನಮ್ಮ ಖಾತೆಗೇ ಹೋಗುತ್ತದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ಖಚಿತಪಡಿಸಿಕೊಳ್ಳಬೇಕು.

ಕಂಡ ಕೊಳೆಯನ್ನಷ್ಟೇ ಅಳಿಸಿದರೆ ಸಾಲದು, ಅದು ಒಳಬಂದ ಬಾಗಿಲನ್ನೂ ಮುಚ್ಚಬೇಕು. ವರ್ಡ್‌ಪ್ರೆಸ್ ತಾಣಗಳಲ್ಲಿ ಬಹಳ ಸಲ ಆ ಬಾಗಿಲು ಅಪ್‌ಡೇಟ್ ಆಗದ ಹಳೆಯ ಪ್ಲಗಿನ್. ಎಲ್ಲ ಪಾಸ್‌ವರ್ಡ್‌ಗಳನ್ನು ಬದಲಿಸಬೇಕು. ಬ್ಯಾಕಪ್‌ನಿಂದ ಮರಳಿ ತರುವುದಾದರೆ ಅದು ಸೋಂಕು ತಗಲುವ ಮುಂಚಿನದಾಗಿರಬೇಕು.

ನನ್ನ ದೃಷ್ಟಿಯಲ್ಲಿ ಇದು ಬರೀ ತಂತ್ರಜ್ಞರ ಕೆಲಸವಲ್ಲ, ಆಡಳಿತ ಸಮಿತಿಯ ಹೊಣೆ. ಯಾರೋ ಹುಡುಗ ಸೇವೆಯೆಂದು ತಾಣ ಮಾಡಿಕೊಟ್ಟ. ಪಾಸ್‌ವರ್ಡ್ ಅವನೊಂದಿಗೇ ಬೆಂಗಳೂರಿಗೆ ಹೋಯಿತು. ಅದನ್ನು ನಡೆಸುವವರು ಯಾರೆಂದು ನಾವು ಒಂದು ಸಭೆಯಲ್ಲೂ ಕೇಳಲಿಲ್ಲ. ದಾಸೋಹದ ಅಕ್ಕಿಗೆ ಲೆಕ್ಕವಿಡುವ ನಾವು ಇದಕ್ಕೆ ಲೆಕ್ಕವಿಡಲಿಲ್ಲ.

ಮುಚ್ಚಿಡುವುದಂತೂ ಸಲ್ಲದು. ಜಾಲತಾಣಕ್ಕೆ ನುಸುಳಿ ದುಷ್ಟ ಕೋಡ್ ಸೇರಿಸುವುದನ್ನು ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನವು 6 ಗಂಟೆಯೊಳಗೆ ವರದಿ ಮಾಡಬೇಕಾದ ಘಟನೆಗಳ ಸಾಲಿಗೆ ಸೇರಿಸಿದೆ. ಯಾರಾದರೂ ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿಸಬೇಕು. ಮರ್ಯಾದೆ ಹೋದೀತೆಂಬ ಅಂಜಿಕೆಯಿಂದ ಸುಮ್ಮನಿದ್ದರೆ, ನಮ್ಮ ಹೆಸರನ್ನು ನಂಬಿ ಬಂದ ಇನ್ನೊಬ್ಬರು ಮೋಸ ಹೋಗುತ್ತಾರೆ.

ನಾವು ತಾಣವನ್ನು ಕೆಲದಿನ ಮುಚ್ಚಿ, ಶುಚಿಗೊಳಿಸಿ, ನಡೆದದ್ದನ್ನು ಮೊದಲ ಪುಟದಲ್ಲೇ ಬರೆದೆವು. ಆ ತಾಯಿಗೆ ಫೋನ್ ಮಾಡಿ ಕ್ಷಮೆ ಕೇಳಿದೆವು. ಆ ಕೆಲಸವನ್ನು ಮೊದಲ ದಿನವೇ ಮಾಡಬೇಕಿತ್ತು.